ಹಿಂದಕ್ಕೆ ಹೊರಟು ಸಮುದ್ರ ಮುಟ್ಟಿದ ಕಾರು

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಹೊಟ್ಟೆ ಒಡೆದುಹೋದೀತು. ನನ್ನ ಮೊಮ್ಮಗಳು ಕಾರು ಓಡಿಸಿಕೊಂಡು ಮುದುಕಿಯರಾದ ನಮ್ಮ ಮೂವರನ್ನು ವಡೋದರದಿಂದ ಸಮುದ್ರದ ತನಕ ಕರೆದುಕೊಂಡು ಹೋಗಿ, ಸಮುದ್ರ ತೋರಿಸಿ, ಒಂದು ಗೀರೂ ಬೀಳದಂತೆ ಮನೆಗೆ ವಾಪಸು ತಂದು ಬಿಟ್ಟಳು! ಡ್ರೈವರ್ ಇರಲಿಲ್ಲ. ಅವಳಪ್ಪ ಪಕ್ಕದಲ್ಲಿ ಇರಲಿಲ್ಲ. ಅವಳೊಬ್ಬಳೇ ಓಡಿಸಿದಳು.

ಈ ಕಾಲದಲ್ಲಿ ಹುಡುಗಿಯರು ವಿಮಾನವನ್ನೇ ಹಾರಿಸುತ್ತಾರೆ, ಕಾರು ಓಡಿಸಿದ್ದು ಯಾವ ದೊಡ್ಡ ಮಾತು ಎನ್ನಬಹುದು. ಹಾಗೆನ್ನುವವರು ಸ್ವಲ್ಪ ಹಿಂದಿನದನ್ನೂ ಕೇಳಬೇಕು.

ನನ್ನ ಮಗ ಇಲ್ಲಿಯ ಮಕರಪುರದ ಒಂದು ಮೋಟಾರು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನಾನು ಗದಗಿನ ಕಡೆಯವಳು, ಅವನ ಮನೆಗೆ ಬಂದು ಇಲ್ಲಿಯವಳೇ ಆಗಿಬಿಟ್ಟಿದ್ದೇನೆ. ಮಗ, ಮೊಮ್ಮಗಳು ಇಬ್ಬರಿಗೂ ನಾನು ಆಯಿ. ಮೊಮ್ಮಗಳು ಹುಟ್ಟಿದ್ದೇ ವಡೋದರದಲ್ಲಿ. ಮಳೆಗಾಲದಲ್ಲಿ ಅವಳಿಗೆ ಕಾರಿನ ಲೈಸೆನ್ಸ್ ಬಂತು. ಬಂದ ವಾರವೇ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಹಿಂದಕ್ಕೆ ತೆಗೆಯಲು ಹೋಗಿ ಕಂಬಕ್ಕೆ ಗುದ್ದಿದಳು. ಹಿಂದಿನ ದೀಪ ಒಡೆಯಿತು, ಅಷ್ಟೇ. ಅವಳಪ್ಪ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೇನೋ. ಅವನು ತಮಾಷೆಯ ಮನುಷ್ಯ. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ, "ಇಷ್ಟು ದೊಡ್ಡ ಊರಾಗ ನನ್ನ ಮಗಳಿಗೆ ಕಂಬಾನ ಬೇಕಾತು ನೋಡ್ರಿ" ಎಂದು ಹೇಳಿ ನಗಿಸಿದ. ಅವಳೂ ನಕ್ಕಳು. ಆದರೆ ಆಮೇಲೆ ಕಾರಿನ ಕೀಲಿ ಮುಟ್ಟಲಿಲ್ಲ.

ಇಷ್ಟರಲ್ಲಿ ಅವಳಿಗೆ ಸೂರತ್‌ನಲ್ಲಿ ಕೆಲಸ ಸಿಕ್ಕಿತು. ಸೀರೆ ಮಿಲ್ಲುಗಳಿಗೆ ಬಣ್ಣ ಮಾಡಿ ಕೊಡುವ ಕಂಪನಿ. ಇವಳು ಮಿಲ್ಲಿಂದ ಮಿಲ್ಲಿಗೆ ಹೋಗಿ ಬಣ್ಣ ಸರಿ ಕೂತಿದೆಯೋ ಇಲ್ಲವೋ ನೋಡಬೇಕು. ಓದಿದ್ದೂ ಅದನ್ನೇ, ಆಸೆ ಇದ್ದದ್ದೂ ಅದಕ್ಕೇ. ಕಂಪನಿಯವರೇ ಕಾರು ಕೊಡುತ್ತಾರೆ, ಆದರೆ ಓಡಿಸುವುದು ಇವಳೇ. ಓಡಿಸಲು ಬಾರದವರಿಗೆ ಆ ಕೆಲಸ ಇಲ್ಲ. ಇಲ್ಲಿ ದೀಪಾವಳಿಗೆ ಮುಚ್ಚಿದ ಅಂಗಡಿ, ಆಫೀಸುಗಳು ಮತ್ತೆ ಬಾಗಿಲು ತೆರೆಯುವುದು ಲಾಭ ಪಂಚಮಿಗೆ. ಆವತ್ತೇ ಕುಂಕುಮ ಹಚ್ಚಿ ಹೊಸ ಕೆಲಸ ಶುರು ಮಾಡುತ್ತಾರೆ. ಬರುತ್ತೀಯೋ ಇಲ್ಲವೋ ಲಾಭ ಪಂಚಮಿಗೆ ಹೇಳಿಬಿಡು ಎಂದಿದ್ದರು ಸೂರತ್‌ನವರು.

ಅಪ್ಪ ಅಮ್ಮನ ಮುಂದೆ ಇವಳು ಸೂರತ್ ದೂರ, ಸೂರತ್‌ನಲ್ಲಿ ಸೆಕೆ ಎಂದು ಏನೇನೋ ನೆಪ ಹೇಳುತ್ತಿದ್ದಳು. ನನ್ನ ಪಕ್ಕ ಮಲಗಿದಾಗ ಮಾತ್ರ ನಿಜ ಹೇಳಿದಳು.

"ಆಯಿ, ನಾ ಬ್ಯಾಡ ಅಂತ ಮೆಸೇಜ್ ಹಾಕ್ತೀನಿ. ಅಲ್ಲಿ ಹೋಗಿ ಮಿಲ್ಲಿನ ಗೇಟಿಗೇ ಗುದ್ದಿದ್ರ? ಎಲ್ಲಾರೂ ನಗ್ತಾರ."

ಕಾರಿನ ವಿಷಯದಲ್ಲಿ ನಾನು ಏನು ಹೇಳಲಿ? ನನಗೆ ಎತ್ತಿನ ಬಂಡಿ ಹೊಡೆಯುವುದಷ್ಟೇ ಗೊತ್ತು.

ಇನ್ನು ನನ್ನ ಗೆಳತಿಯರು. ಒಬ್ಬರು ಎದುರುಮನೆಯ ಗುಜರಾತಿ ಮುದುಕಿ. ಸೊಸೈಟಿಯವರೆಲ್ಲ ಅವರನ್ನು ಬಾ ಎನ್ನುತ್ತಾರೆ, ಎಂದರೆ ಅಮ್ಮ. ಇನ್ನೊಬ್ಬರು ಮೂರನೇ ಮಹಡಿಯ ಮಂಗಳೂರಿನವರು. ಅವರ ಯಜಮಾನರು ಬ್ಯಾಂಕಿನಲ್ಲಿದ್ದು ರಿಟೈರಾಗಿ, ಮಗಳು ಇಲ್ಲಿದ್ದಾಳೆಂದು ಇಲ್ಲೇ ಉಳಿದವರು. ಸಂಜೆ ಕೆಳಗಿನ ಬೆಂಚಿನ ಮೇಲೆ ಮೂವರೂ ಕೂರುತ್ತೇವೆ. ಬಾ ಗುಜರಾತಿ ಮಾತಾಡುತ್ತಾರೆ, ನಾನು ಹಿಂದಿ ಕಲಸಿದ ಕನ್ನಡ ಮಾತಾಡುತ್ತೇನೆ, ಹೇಗೋ ತಿಳಿಯುತ್ತದೆ. ಇಲ್ಲಿ ಬಾ ಆಡಿದ್ದನ್ನೆಲ್ಲ ನನಗೆ ತಿಳಿದಂತೆ ಕನ್ನಡದಲ್ಲೇ ಬರೆಯುತ್ತೇನೆ.

ದೀಪಾವಳಿ ರಜೆಯಲ್ಲಿ ಗುಜರಾತಿನವರು ಮನೆಯಲ್ಲಿ ಕೂರುವುದಿಲ್ಲ. ನಾವೂ ಎಲ್ಲಿಗಾದರೂ ಹೋಗೋಣ ಎಂದು ಹಟ ಹಿಡಿದವರು ಬಾ. ಕಾವಿ-ಕಂಬೋಯಿ ಎಂಬ ಊರಲ್ಲಿ ಸಮುದ್ರದೊಳಗೆ ಒಂದು ಶಿವನ ಗುಡಿ ಇದೆ. ನೀರು ಏರಿದಾಗ ಗುಡಿ ಮುಳುಗುತ್ತದೆ, ಇಳಿದಾಗ ಮೇಲೆ ಬರುತ್ತದೆ. ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ನನ್ನ ಮಗ, ಸೊಸೆ ಭಾಯಿ ಬೀಜ್ ಎಂಬ ಅಣ್ಣ-ತಂಗಿಯರ ಹಬ್ಬಕ್ಕೆಂದು ಅಹಮದಾಬಾದಿನಲ್ಲಿರುವ ಸೊಸೆಯ ಅಣ್ಣನ ಮನೆಗೆ ರೈಲಿನಲ್ಲಿ ಹೋಗಿದ್ದರು. ಕಾರನ್ನು ನಮಗೆಂದೇ ಬಿಟ್ಟು, ಒಬ್ಬ ಡ್ರೈವರನ್ನೂ ಗೊತ್ತುಮಾಡಿದ್ದರು.

ಆವತ್ತು ಚೌತಿ, ಮಾರನೆಯ ದಿನವೇ ಲಾಭ ಪಂಚಮಿ. ಬೆಳಿಗ್ಗೆ ನಾವು ಮೂವರೂ ಒಳ್ಳೆಯ ಸೀರೆ ಉಟ್ಟು, ಡಬ್ಬಿ ಕಟ್ಟಿಕೊಂಡು ಕೆಳಗೆ ಬಂದು ನಿಂತೆವು. ಮೊಮ್ಮಗಳೂ ಫೋಟೋ ತೆಗೆಯಲು ಜೊತೆಗೆ ಬರುವವಳಿದ್ದಳು. ಡ್ರೈವರ್ ಬರಲಿಲ್ಲ, ಅವನ ಫೋನು ಬಂತು. ಹಬ್ಬಕ್ಕೆ ಹಳ್ಳಿಗೆ ಹೋದವನು ಪಂಚಮಿ ಮುಗಿಸಿಯೇ ಬರುತ್ತಾನಂತೆ. ಬೇರೆ ಡ್ರೈವರ್‌ಗಳೂ ಹಳ್ಳಿಯಲ್ಲೇ ಇರುತ್ತಾರಂತೆ.

ಬಾ ಬೆಂಚಿನ ಮೇಲೆ ಕುಸಿದು ಕೂತರು. "ಎಂತ ಕರ್ಮ ಮಾರಾಯ್ರೆ, ಬೆಳಗ್ಗೆ ಎದ್ದು ಗೋಳಿಬಜೆ ಮಾಡಿದ್ದು ನಾನು" ಎಂದರು ಮಂಗಳೂರಿನವರು.

ನಾನು ಮೊಮ್ಮಗಳ ಮುಖ ನೋಡಿದೆ. ಅವಳು ಬೇರೆ ಕಡೆ ನೋಡಿದಳು.

"ನೀನ ಓಡ್ಸವ್ವಾ" ಎಂದೆ.

"ಆಯಿ ಪ್ಲೀಸ್. ಹೈವೇ ಐತಿ. ಟ್ರಕ್ ಇರ್ತಾವ. ನನಗ ಆಗಂಗಿಲ್ಲ."

"ಲೈಸೆನ್ಸ್ ಯಾತಕ್ಕ ತಗೊಂಡಿ? ಆರತಿ ಮಾಡಾಕ?"

"ಪಪ್ಪಾಗ ಕೇಳ್ತೀನಿ. ಪಪ್ಪಾ ಬ್ಯಾಡ ಅಂತಾರ" ಎಂದು ಫೋನು ಮಾಡಿದಳು. ಬೇಡ ಎನ್ನಲಿ ಎಂದೇ ಮಾಡಿದ್ದು, ನನಗೆ ಗೊತ್ತಿಲ್ಲವೇ! ಸ್ಪೀಕರ್ ಹಾಕಿದ್ದಳು. ಆ ಕಡೆ ನನ್ನ ಮಗ ನಡೆದದ್ದನ್ನೆಲ್ಲ ಕೇಳಿಕೊಂಡ. ಕಂಬದ ಮಾತು ತೆಗೆಯುತ್ತಾನೆಂದು ನಾನು ಹಲ್ಲು ಕಚ್ಚಿ ಕಾದೆ. ಅವನು, "ಆಯಿ, ನೀ ಮುಂದ ಕುಂದರು. ಬೆಲ್ಟ್ ಹಾಕ್ಕೋ" ಎಂದು ಫೋನಿಟ್ಟ. ಮೊಮ್ಮಗಳು ಫೋನನ್ನೇ ನೋಡುತ್ತ ನಿಂತಳು.

ಈಗ ನಿಂಬೆಹಣ್ಣಿನ ಕಥೆ. ನಮ್ಮ ಕಡೆ ದೂರದ ದಾರಿಗೆ ಗಾಡಿ ತೆಗೆಯುವಾಗ ಗಾಲಿಗೊಂದು ನಿಂಬೆಹಣ್ಣು ಇಡದೆ ಹೊರಡುವುದಿಲ್ಲ. ಗಾಲಿ ಅದನ್ನು ಅಪ್ಪಚ್ಚಿ ಮಾಡಿದರೆ ಹಾದಿಯ ಕೆಟ್ಟದ್ದೆಲ್ಲ ಅಲ್ಲೇ ಕಳೆಯಿತು ಎಂದು ಲೆಕ್ಕ. ನಾನು ನಾಲ್ಕೂ ಗಾಲಿಗಳ ಮುಂದೆ ಹಣ್ಣಿಟ್ಟು, ಬಾನೆಟ್ಟಿಗೆ ಕುಂಕುಮ ಹಚ್ಚಿ, ಕೈಮುಗಿದು ನಿಂತೆ.

ಬಾ ಕಾರನ್ನೂ ಗೋಡೆಯನ್ನೂ ನೋಡಿದರು. "ಅಕ್ಕಾ, ನಿಮ್ಮ ಕಾರು ಗೋಡೆಯೊಳಗೆ ಹೋಗುತ್ತದೆಯೇ?"

ಹೌದಲ್ಲ! ಕಾರಿನ ಮೂತಿಯ ಮುಂದೆ ಗೋಡೆ. ಹೊರಡಬೇಕಾದರೆ ಹಿಂದಕ್ಕೆ ತೆಗೆಯಬೇಕು. ಮೊಮ್ಮಗಳ ಜೀವ ಬಾಯಿಗೆ ಬರುವುದು ಅಲ್ಲೇ, ಅದೇ ಕಂಬದ ಪಕ್ಕದಲ್ಲೇ. ಅವಳ ಮುಖ ಸಣ್ಣದಾಯಿತು. ನಾನು ಬಗ್ಗಿ ಹಣ್ಣುಗಳನ್ನು ಗಾಲಿಗಳ ಹಿಂದಕ್ಕೆ ಸರಿಸತೊಡಗಿದೆ.

"ರಿವರ್ಸಲ್ಲಿ ನಿಂಬೆಹಣ್ಣು ಒಡೆದರೆ ಆಗ್ತದಾ ಅಕ್ಕ?" ಮಂಗಳೂರಿನವರಿಗೆ ನಿಜವಾಗಿಯೂ ಅನುಮಾನ. "ಕೆಟ್ಟದ್ದು ತಿರುಗಿ ಮನೆಗೇ ಬಂದ್ರೆ?"

"ದೇವರಿಗೆ ಹಿಂದು ಮುಂದು ಇದೆಯೇ?" ಎಂದರು ಬಾ. "ದೇವರು ಎಲ್ಲ ಕಡೆ ಇದ್ದಾನೆ. ಡ್ರೈವರ್ ಮಾತ್ರ ಹಳ್ಳಿಯಲ್ಲಿದ್ದಾನೆ."

ಮೊಮ್ಮಗಳಿಗೆ ನಗು ಬಂತು. ನಗುತ್ತಲೇ ಕೂತು ಗಾಡಿ ಚಾಲೂ ಮಾಡಿದಳು. ನಾವು ಮೂವರೂ ಹಿಂದೆ ನಿಂತು ನೆಲವನ್ನೇ ನೋಡುತ್ತಿದ್ದೆವು. ಮೊದಲನೆಯದು ಪಚಕ್ ಎಂದಿತು. "ಒಂದಾತು!" ಎಂದೆ. ಎರಡು. ಮೂರನೆಯದು ಚೆನ್ನಾಗಿ ಒಡೆದು ಬಾ ಅವರ ಸೀರೆಗೆ ಸಿಡಿಯಿತು. ನಾಲ್ಕನೆಯ ಹಣ್ಣು ಗಾಲಿಗೆ ಸಿಗದೆ ಉರುಳಿಕೊಂಡು ಹೊರಟಿತು. "ಎಡಕ್ಕ ಐತಿ, ಎಡಕ್ಕ! ಇನ್ನಷ್ಟು ಹಿಂದ!" ನಾನು ಕೂಗಿದೆ. ಅವಳು ಕಿಟಕಿಯಿಂದ ತಲೆ ಹೊರಹಾಕಿ, "ಎಲ್ಲಿ ಆಯಿ? ಇಲ್ಲೇನು?" ಎನ್ನುತ್ತ ಸ್ಟೇರಿಂಗ್ ತಿರುಗಿಸುತ್ತ ಆ ಹಣ್ಣಿನ ಬೆನ್ನು ಹತ್ತಿದಳು. ಪಚಕ್! ಮೂವರೂ ಚಪ್ಪಾಳೆ ತಟ್ಟಿದೆವು.

ಆಗ ತಲೆ ಎತ್ತಿದರೆ ಕಾರು ಗೇಟಿನ ಹತ್ತಿರ ನಿಂತಿತ್ತು. ಕಂಬವನ್ನು ಆಗಲೇ ದಾಟಿಯಾಗಿತ್ತು. ಹಣ್ಣಿನ ಗಲಾಟೆಯಲ್ಲಿ ಅದನ್ನು ಯಾರೂ ನೋಡಿರಲಿಲ್ಲ, ಅವಳೂ ನೋಡಿರಲಿಲ್ಲ. ಈಗ ಹೊರಳಿ ನೋಡಿ, "ಅರೆ!" ಎಂದಳು. ನಾನು ಮುಂದೆ ಹತ್ತಿ ಕೂತು ಬೆಲ್ಟ್ ಹಾಕಿಕೊಂಡೆ.

ಪಾದ್ರಾ ದಾಟುವ ತನಕ ಅವಳು ಸ್ಟೇರಿಂಗನ್ನು ಹಗ್ಗ ಹಿಡಿದಂತೆ ಹಿಡಿದಿದ್ದಳು. ಸೈಕಲ್ಲಿನವನೂ ನಮ್ಮನ್ನು ದಾಟಿ ಹೋದ. ಬಾ ಕಿಟಕಿಯಿಂದ ಅವನಿಗೆ ಜೈ ಶ್ರೀಕೃಷ್ಣ ಎಂದರು. "ಹೀಗೇ ಹೋದರೆ ದೇವಸ್ಥಾನ ಮೇಲೆ ಬಂದು, ಇನ್ನೊಮ್ಮೆ ಮುಳುಗಿರ್ತದೆ" ಎಂದರು ಮಂಗಳೂರಿನವರು.

"ಆಂಟಿ, ನೀವು ಗೋಳಿಬಜೆ ತಿನ್ರಿ" ಎಂದಳು ಮೊಮ್ಮಗಳು.

ಜಂಬೂಸರದ ದಾರಿ ಹಿಡಿದ ಮೇಲೆ ನನ್ನ ಕಣ್ಣು ಹೊರಗೇ ನೆಟ್ಟಿತು. ಎರಡೂ ಬದಿ ಕರಿ ಎರೆಭೂಮಿ, ಹತ್ತಿ ಒಡೆದು ಬೆಳ್ಳಗೆ ನಿಂತಿದೆ. ನನ್ನ ತವರಿನ ಹೊಲವನ್ನು ಯಾರೋ ಎತ್ತಿ ತಂದು ಇಲ್ಲಿ ಹಾಸಿದಂತೆ. ತೊಗರಿ ಹೂಬಿಟ್ಟಿದೆ. ಸಮುದ್ರ ಹತ್ತಿರವಾದಂತೆ ಹೊಲ ಮುಗಿದು ಬಳ್ಳಾರಿ ಜಾಲಿ ಶುರುವಾಯಿತು, ಗಾಳಿಗೆ ಉಪ್ಪಿನ ವಾಸನೆ ಬಂತು. ಅವಳ ಕೈ ಸಡಿಲಾಗಿತ್ತು. ಒಂದು ಟ್ರಕ್ಕನ್ನು ಹಾರನ್ ಹೊಡೆದು ದಾಟಿದಳು ಕೂಡ. ದಾಟಿದ್ದನ್ನು ಯಾರಾದರೂ ನೋಡಿದರೋ ಎಂದು ನನ್ನ ಕಡೆ ಕಣ್ಣು ಹಾಯಿಸಿದಳು. ನಾನು ನೋಡಿದ್ದೆ, ಬಿಡುತ್ತೇನೆಯೇ!

ಸಮುದ್ರ ಬಂತು. ಆ ಸಮುದ್ರ ನೀಲಿಯಲ್ಲ. ಮಳೆ ಬಿದ್ದ ಮರುದಿನದ ಹಳ್ಳದ ನೀರಿನ ಬಣ್ಣ, ಆದರೆ ಆಚೆ ದಂಡೆಯೇ ಕಾಣದು. ನೀರಿನ ನಡುವೆ ಗುಡಿಯ ಕಂಬಗಳ ತಲೆ ಮಾತ್ರ ಕಾಣುತ್ತಿತ್ತು. ನೀರು ಈಗಷ್ಟೇ ಇಳಿಯಲು ಶುರುವಾಗಿದೆ, ಕಾಯಬೇಕು ಎಂದರು ಅಲ್ಲಿದ್ದವರು.

ಮಂಗಳೂರಿನವರು ಸೊಂಟದ ಮೇಲೆ ಕೈಯಿಟ್ಟು ನಿಂತರು. ಹುಟ್ಟಿದ್ದೇ ಕಡಲಿನ ಪಕ್ಕ ಅವರು. "ಇದೆಂತ ಸಮುದ್ರ ಅಕ್ಕ? ಹಾಲು ಹಾಕಿದ ಚಹಾದ ಹಾಗುಂಟು!"

ನಾನು ಅದನ್ನು ಹಿಂದಿಯಲ್ಲಿ ಬಾ ಅವರಿಗೆ ಹೇಳಿದೆ. "ಶುಂಠಿ ತಂದಿದ್ದರೆ ಕುಡಿಯಬಹುದಿತ್ತು" ಎಂದರು ಬಾ.

ದಂಡೆಯ ಮೇಲೆ ನೆರಳು ಹುಡುಕಿ ಚಾದರ ಹಾಸಿ ಡಬ್ಬಿ ಬಿಚ್ಚಿದೆವು. ಬಾ ಅವರ ಮೆಂತ್ಯ ಸೊಪ್ಪಿನ ಚಪಾತಿ ಥೇಪ್ಲಾ, ನನ್ನ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಉಳಿದಿದ್ದ ಗೋಳಿಬಜೆ. ನನ್ನ ಚಟ್ನಿ ತಿಂದು ಬಾ ನೀರು ಹುಡುಕಿದರು, ಅವರ ಸಿಹಿ ಉಪ್ಪಿನಕಾಯಿ ತಿಂದು ನಾನು ಚಟ್ನಿ ಹುಡುಕಿದೆ. ತಿನ್ನುತ್ತಲೇ ನೋಡುತ್ತಿದ್ದೆವು. ಕಂಬಗಳು ಉದ್ದವಾಗುತ್ತಿದ್ದವು. ಮೆಟ್ಟಿಲು ಕಂಡಿತು. ದೂರದಲ್ಲಿ ತೇಲುತ್ತಿದ್ದ ದೋಣಿಗಳು ಒಂದೊಂದಾಗಿ ಕೆಸರಿನ ಮೇಲೆ ಮಗ್ಗುಲಾದವು. ಉದ್ದ ಕಾಲಿನ ಹಕ್ಕಿಗಳು ಬಂದು ಹುಳ ಹೆಕ್ಕತೊಡಗಿದವು. ಇಷ್ಟು ನೀರು ಎಲ್ಲಿಗೆ ಹೋಗುತ್ತದೋ ತಾಯಿ, ಸದ್ದಿಲ್ಲ ಗದ್ದಲವಿಲ್ಲ!

ಮೊಮ್ಮಗಳು ನನ್ನ ತೊಡೆಯ ಮೇಲೆ ತಲೆಯಿಟ್ಟಳು.

"ಆಯಿ, ಇವತ್ತು ಲಕ್ ಇತ್ತು ಅಷ್ಟ. ನಿನ್ನ ನಿಂಬೆಹಣ್ಣಿಂದ ಬಂದ್ವಿ. ಸೂರತ್‌ದಾಗ ದಿನಾ ಯಾರು ನಿಂಬೆಹಣ್ಣು ಇಡ್ತಾರ?"

"ಹಂಗಾದ್ರ ಬ್ಯಾಡ ಅಂತ ಕಳಸ್ತೀ?"

"ಗೊತ್ತಿಲ್ಲ. ನಾಳೆ ಲಾಸ್ಟ್ ದಿನ."

ಕಳಿಸಬೇಡ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ, "ಗುಡಿ ಬಂತು, ಏಳಿ!" ಎಂದು ಬಾ ಸೆರಗು ಸಿಕ್ಕಿಸಿ ಹೊರಟೇಬಿಟ್ಟರು. ಎಲ್ಲರೂ ಹೋಗಿ ಒದ್ದೆ ಲಿಂಗಕ್ಕೆ ಹಾಲೆರೆದು, ಹೂವೇರಿಸಿದೆವು. ಕಡಲಿನ ಪಕ್ಕ ಹುಟ್ಟಿದ ಮಂಗಳೂರಿನವರೇ ಮೆಟ್ಟಿಲು ಬಿಟ್ಟು ಕೆಸರಿಗೆ ಕಾಲಿಟ್ಟು ಮೊಣಕಾಲ ತನಕ ಇಳಿದರು. ಎಳೆದು ತೆಗೆದಾಗ ಚಪ್ಪಲಿ ಸಮುದ್ರಕ್ಕೇ ಅರ್ಪಣೆಯಾಗಿತ್ತು.

"ಚಹಾದಲ್ಲಿ ಚಪ್ಪಲಿ!" ಎಂದು ಬಾ ನಕ್ಕಿದ್ದೇ ನಕ್ಕಿದ್ದು.

ವಾಪಸು ಹೊರಟೆವು. ಅಲ್ಲಿ ದಂಡೆಯಿಂದ ಊರಿನ ತನಕ ನಾವು ಹಿಡಿದ ದಾರಿ ಬಹಳ ಇಕ್ಕಟ್ಟು. ಎರಡೂ ಕಡೆ ಜಾಲಿ ಮುಳ್ಳು, ಕೆಳಗೆ ತಗ್ಗು. ಅರ್ಧ ದಾರಿಗೆ ಬಂದಿದ್ದೇವೆ, ಎದುರಿಗೆ ಟ್ರ್ಯಾಕ್ಟರು! ಅದರ ಟ್ರಾಲಿಯ ತುಂಬ ಹಬ್ಬದ ಸೀರೆಯ ಹೆಂಗಸರು, ಮಕ್ಕಳು. ಅದರ ಹಿಂದೆ ಸಾಲಾಗಿ ಕಾರುಗಳು. ಟ್ರ್ಯಾಕ್ಟರಿನವನು ಕೈ ಬೀಸಿ, ನೀವೇ ಹಿಂದಕ್ಕೆ ಹೋಗಿ ಎಂದ. ನಾವು ದಾಟಿ ಬಂದಿದ್ದ ಅಗಲದ ಜಾಗ ಬಹಳ ಹಿಂದೆ, ತಿರುವಿನಾಚೆ ಇತ್ತು.

ನಾವು ಮೂವರೂ ಸಹಾಯ ಮಾಡೋಣವೆಂದು ಇಳಿದೆವು. ನಾನು ಬಲಕ್ಕೆ ನಿಂತು "ಬರ್ಲಿ, ಬರ್ಲಿ" ಎಂದೆ. ಬಾ ಎಡಕ್ಕೆ ನಿಂತು ಅದನ್ನೇ ಗುಜರಾತಿಯಲ್ಲಿ "ಆವವಾ ದೋ, ಆವವಾ ದೋ" ಎಂದರು. ಮಂಗಳೂರಿನವರು ಬರಿಗಾಲಲ್ಲಿ ನಡುವೆ ನಿಂತು "ಬಾ ಮಗಳೇ ಬಾ! ಅಯ್ಯೋ ನಿಲ್ಲು! ಸ್ವಲ್ಪ ಬಾ!" ಎಂದರು. ಮಗಳಿಗೆ ಬಾ ಎಂದದ್ದೋ ತನ್ನನ್ನು ಕರೆದದ್ದೋ ತಿಳಿಯದೆ ಗುಜರಾತಿ ಬಾ ಮಂಗಳೂರಿನವರ ಹತ್ತಿರ ಓಡಿದರು. ಕಾರು ಒಮ್ಮೆ ಜಗ್ಗಿ ನಿಂತಿತು. ಟ್ರಾಲಿಯ ಹೆಂಗಸರು ನಕ್ಕರು.

ಮೊಮ್ಮಗಳು ಹ್ಯಾಂಡ್‌ಬ್ರೇಕ್ ಎಳೆದು ಕೆಳಗಿಳಿದಳು. ಅಳುತ್ತಾಳೆ ಎಂದುಕೊಂಡೆ, ಇಲ್ಲ. "ಮೂರೂ ಮಂದಿ ಒಳಗ ಕುಂದರ್ರಿ. ಯಾರೂ ಮಾತಾಡಬ್ಯಾಡ್ರಿ" ಎಂದಳು. ಅದನ್ನೇ ಬಾ ಅವರಿಗೆ ಗುಜರಾತಿಯಲ್ಲೂ ಹೇಳಿದಳು. ನಮ್ಮ ಅತ್ತೆಯ ಕಾಲದ ಮೇಲೆ ಅಂಥ ದನಿ ನಾನು ಕೇಳಿರಲಿಲ್ಲ. ಮೂವರೂ ಶಾಲೆಯ ಮಕ್ಕಳಂತೆ ಒಳಗೆ ಕೂತೆವು.

ಅವಳು ಒಮ್ಮೆ ಈ ಕಡೆಯ ಕನ್ನಡಿ, ಒಮ್ಮೆ ಆ ಕಡೆಯ ಕನ್ನಡಿ ನೋಡುತ್ತ, ಅವಸರವಿಲ್ಲದೆ ಕಾರನ್ನು ಹಿಂದಕ್ಕೆ ಬಿಟ್ಟಳು. ಜಾಲಿ ಮುಳ್ಳು ಕಿಟಕಿಯ ಹತ್ತಿರ ಬಂತು, ಸರಿಯಿತು. ತಿರುವು ಬಂತು. ಒಮ್ಮೆ ನಿಲ್ಲಿಸಿ, ಸ್ವಲ್ಪ ಮುಂದೆ ಬಂದು, ಮತ್ತೆ ಹಿಂದೆ ಹೋಗಿ, ತಿರುವು ದಾಟಿಸಿ, ಅಗಲದ ಜಾಗದಲ್ಲಿ ಬದಿಗೆ ನಿಲ್ಲಿಸಿದಳು. ಟ್ರ್ಯಾಕ್ಟರು ನಮ್ಮ ಪಕ್ಕದಲ್ಲೇ ದಡದಡ ಹೋಯಿತು. ನಕ್ಕಿದ್ದ ಹೆಂಗಸರಲ್ಲೇ ಒಬ್ಬಳು ಬಗ್ಗಿ, "ಶಾಬಾಶ್ ದೀಕರಿ!" ಎಂದಳು. ಭೇಷ್ ಮಗಳೇ ಎಂದು.

"ಈಗ ಮಾತಾಡಬಹುದಾ?" ಎಂದು ಕೇಳಿದರು ಮಂಗಳೂರಿನವರು.

"ಹೂಂ, ಮಾತಾಡ್ರಿ" ಎಂದಳು. ಕಾರು ಜಂಬೂಸರ ಮುಟ್ಟುವಷ್ಟರಲ್ಲಿ ಹಾಡು ಹಾಕಿ ತಾಳ ಹೊಡೆಯುತ್ತಿದ್ದಳು. ನಾನು ಸೂರತ್ ಎಂಬ ಹೆಸರೇ ಎತ್ತಲಿಲ್ಲ. ನಾಲಿಗೆ ತುದಿಗೆ ಬಂದದ್ದನ್ನು ಎಷ್ಟು ಸಲ ನುಂಗಿದೆನೋ!

ಸಂಜೆ ಮನೆಗೆ ಬಂದು ನಾನು ರೊಟ್ಟಿ ಬಡಿಯುತ್ತಿದ್ದಾಗ ಮಗ, ಸೊಸೆ ಅಹಮದಾಬಾದಿನಿಂದ ಬಂದರು. ಮಗ ಕೆಳಗೆ ಕಾರನ್ನು ಸುತ್ತು ಹಾಕಿ ನೋಡಿಯೇ ಬಂದಿದ್ದ. "ಆಯಿ, ಗಾಲಿ ತುಂಬ ಕೆಸರು. ಕಾರು ಸಮುದ್ರದಾಗ ಇಳಿಸಿದ್ರೇನು?" ಎಂದ.

ಅಡುಗೆಮನೆಯ ನೆಲದ ಮೇಲೆ ಮೂವರೂ ಊಟಕ್ಕೆ ಕೂತರು, ನಾನು ಒಲೆಯ ಹತ್ತಿರ ರೊಟ್ಟಿ ಬಡಿಯುತ್ತಲೇ ಇದ್ದೆ. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಬಾ ಕಳಿಸಿದ ಖಿಚಡಿ-ಕಢಿ, ಸೊಸೆಯ ಅತ್ತಿಗೆ ಕಟ್ಟಿಕೊಟ್ಟ ಕರ್ಜಿಕಾಯಿಯಂಥ ಘುಘರಾ. ಮೊಮ್ಮಗಳು ತುತ್ತು ಮುರಿದವಳು ಬಾಯಿಗಿಡದೆ ಹೇಳಿದಳು.

"ಪಪ್ಪಾ, ನಾಳೆ ಸೂರತ್‌ನವರಿಗೆ ಹೂಂ ಅಂತ ಹೇಳ್ತೀನಿ."

ಮಗ ಬಾಯಿ ತೆರೆದ. ತಮಾಷೆ ಬರುತ್ತಿತ್ತು, ತುಟಿಯ ತನಕ ಬಂದದ್ದು ನನಗೆ ಕಂಡಿತು. ಮಗಳ ಮುಖ ನೋಡಿದ, ಅದನ್ನು ಅಲ್ಲೇ ಬಿಟ್ಟ.

"ಯಾವಾಗ ಸೇರಬೇಕು?" ಎಂದು ಕೇಳಿದ.

"ಸೆಕೆ ಅಂತಿದ್ದಿ? ದೂರ ಅಂತಿದ್ದಿ? ರೂಮು ಯಾರ ಜೋಡಿ? ಊಟಾ ಏನ್ ಮಾಡ್ತೀ?" ಸೊಸೆಗೆ ಒಂದೇ ಉಸಿರಿಗೆ ಎಲ್ಲ ತಿಳಿಯಬೇಕು. ಮೊಮ್ಮಗಳು ತುತ್ತು ಬಾಯಿಗಿಟ್ಟುಕೊಂಡು ಒಂದೊಂದಾಗಿ ಹೇಳತೊಡಗಿದಳು. ನಾನು ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

"ನಾಳೆ ಮುಂಜಾನೆ ಕಾರ್ಖಾನ್ಯಾಗ ಪೂಜಾ ಐತಿ" ಎಂದ ಮಗ, ಖಿಚಡಿಗೆ ಕಢಿ ಸುರಿದುಕೊಳ್ಳುತ್ತ. "ನನ್ನ ನೀನ ಬಿಟ್ಟು ಬಾ."

"ಪಕ್ಕದಾಗ ಕುಂತು ಬ್ರೇಕ್, ಬ್ರೇಕ್ ಅನ್ನಬಾರ್ದು."

"ಅನ್ನಂಗಿಲ್ಲ."

"ಪ್ರಾಮಿಸ್?"

"ನಿಮ್ಮ ಆಯಿ ಮ್ಯಾಲ ಆಣಿ."

"ನನ್ನ ಮ್ಯಾಲ ಯಾಕೋ? ನಿನ್ನ ಮ್ಯಾಲ ಹಾಕ್ಕೋ" ಎಂದು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ. ಸೊಸೆ ನನ್ನ ಕೈಯ ಹಿಟ್ಟಿನ ಉಂಡೆ ಕಸಿದು, ಅತ್ತೀ ನೀವೂ ಕುಂದರ್ರಿ ಎಂದು ಎಳೆದು ಕೂರಿಸಿದಳು. ಮೊಮ್ಮಗಳು ತನ್ನ ತಾಟಿನಿಂದ ಎಣ್ಣೆಗಾಯಿ ತೆಗೆದು ನನಗೆ ಹಾಕಿದಳು. ಮಗ ಘುಘರಾದ ಡಬ್ಬಿಯನ್ನು ತನ್ನ ಹತ್ತಿರ ಎಳೆದುಕೊಂಡ, ಸೊಸೆ ಅದನ್ನು ಮತ್ತೆ ನಡುವೆ ಇಟ್ಟಳು. ನಾಲ್ವರೂ ಒಟ್ಟಿಗೇ ಮಾತಾಡುತ್ತ, ಯಾರ ಮಾತು ಯಾರೂ ಕೇಳದೆ, ಹೊಟ್ಟೆ ತುಂಬ ಉಂಡೆವು.